ರೊಕ್ಕ ಇಲ್ಲದ ತಿಂಗಳಿಗೆ ಒಂದು ಚಂಚಿ, ಒಂದು ಕೌದಿ

2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ಬಂದಾದವು. ಆಗ ನಮ್ಮ ಮನೆಯಲ್ಲಿದ್ದದ್ದು 1000ದ ಮೂರು ನೋಟು, 500ರ ಒಂದು ನೋಟು, ಮತ್ತೆ ಅಡುಗೆಮನೆ ಡಬ್ಬಿಯಲ್ಲಿ 140 ರೂಪಾಯಿ ಚಿಲ್ಲರೆ. ಬ್ಯಾಂಕಿನಲ್ಲಿ ದುಡ್ಡಿತ್ತು. ಕೈಯಲ್ಲಿ ಇರಲಿಲ್ಲ. ಎಟಿಎಂನಲ್ಲಿ ಮೊದಲು ದಿನಕ್ಕೆ 2000 ಮಾತ್ರ ಅಂದರು. ಆದರೆ ನನ್ನ ಪಾಳಿ ಬರುವಷ್ಟರಲ್ಲಿ ಅದೂ ಖಾಲಿ. ಅದೇ ತಿಂಗಳ ಕೊನೆಗೆ ತಂಗಿಯ ಕೂಸಿನ ತೊಟ್ಟಿಲು ಇತ್ತು. ದೊಡ್ಡಮ್ಮ ಆದವಳು ಬೆಳ್ಳಿ ಕಾಲುಗಡಗ ಆದರೂ ಹಾಕಬೇಕು ಅಲ್ವಾ? ಸರಾಫ್ ಬಜಾರಿನ ಕಡೆ ಮುಖ ಮಾಡುವ ಹಾಗಿರಲಿಲ್ಲ.

ಅವ್ವ ಟ್ರಂಕು ತೆಗೆದು ತನ್ನ ಹಳೇ ಇಳಕಲ್ ಸೀರೆಯನ್ನು ನನ್ನ ಮುಂದೆ ಇಟ್ಟಳು. "ರೊಕ್ಕ ಇಲ್ಲಂದ್ರ ಏನಾತು, ಅರಿವಿ ಅದಲ್ಲ. ಇದರಾಗ ಇನ್ನಾ ಜೀವ ಅದ. ಕೂಸಿಗಿ ಕೌದಿ ಹೊಲಿ" ಅಂದಳು.

ಹಳೇ ಅರಿವಿ ಪದರ ಪದರವಾಗಿ ಸೇರಿಸಿ ಹತ್ತೊಂಬತ್ತು ದಿನ ಕೌದಿ ಹೊಲಿದೆ. ತೊಟ್ಟಿಲಿನ ದಿನ ಬಂದವರೆಲ್ಲ ಆ ಕೌದಿ ಮುಟ್ಟಿ ಮುಟ್ಟಿ ನೋಡಿದರು. ಅವ್ವ ಕೊಟ್ಟ ಆ ಬುದ್ಧಿಯನ್ನೇ ನಾನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕೈಯಲ್ಲಿ ರೊಕ್ಕ ಇಲ್ಲದಾಗ ಮೊದಲು ಸಾಲದ ಕಡೆ ನೋಡಬೇಡಿ, ಟ್ರಂಕಿನ ಕಡೆ ನೋಡಿ.

ನೋಟು ಬಂದಾದ ತಿಂಗಳು ಒಂದೇ ಸಲ ಬಂತು. ಕೈ ಖಾಲಿಯಾಗುವ ತಿಂಗಳು ಮಾತ್ರ ನಮ್ಮ ಕಲಬುರಗಿ ಕಡೆ ಪ್ರತಿ ವರ್ಷ ಬರುತ್ತದೆ. ಜೂನ್, ಜುಲೈನಲ್ಲಿ ತೊಗರಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್ ಕೊನೆಗೋ ಜನವರಿಗೋ. ಅದು ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ ಹೋಗಿ, ತೂಕ ಆಗಿ, ಮಾರಿದ ಲೆಕ್ಕದ ಪಟ್ಟಿ ಕೈಗೆ ಬರಬೇಕು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು, ಖುಷಿ ಆಯಿತು. ಆದರೂ ರೊಕ್ಕ ಬರುವ ತಿಂಗಳು ಬದಲಾಗಲಿಲ್ಲ. ದೀಪಾವಳಿ ಖರ್ಚು ಮುಗಿದ ಮೇಲಿಂದ ರಾಶಿ ಆಗುವವರೆಗೆ ಹೊಲ ನಂಬಿದ ಮನೆಗಳಿಗೆ ಎಲ್ಲಾ ಬಿಗಿ. ಹೊಲದವರ ಕೈ ಬಿಗಿ ಆದರೆ ಅವರನ್ನು ನಂಬಿದ ಅಂಗಡಿಯವರು, ದರ್ಜಿಗಳು, ಆಟೋದವರ ಕೈಯೂ ಬಿಗಿ. ಹಾಗಾಗಿ ಇದು ರೈತರ ಮನೆಗೆ ಮಾತ್ರ ಬರೆದದ್ದಲ್ಲ.

ಹಂತ 1: ಇರುವುದನ್ನು ಎಣಿಸಿ

ಇದನ್ನು ಎಲ್ಲರೂ ಮುಂದೂಡುತ್ತೇವೆ. ಎಣಿಸಿದರೆ ಎಷ್ಟು ಕಡಿಮೆ ಇದೆ ಅಂತ ಗೊತ್ತಾಗುತ್ತಲ್ಲ, ಅದಕ್ಕೇ ಭಯ. ಆದರೆ ಎಣಿಸದೆ ಇದ್ದಾಗಿನ ಭಯ ಇನ್ನೂ ದೊಡ್ಡದು. ಹಗಲು ಹೊತ್ತು ಕೂತು ಎಣಿಸಿ. ಪರ್ಸು, ಡಬ್ಬಿ, ದೇವರ ಮನೆಯ ಹುಂಡಿ, ಮಕ್ಕಳ ಕೈಗೆ ನೆಂಟರು ಕೊಟ್ಟದ್ದು, ಫೋನಿನ ಖಾತೆಯಲ್ಲಿರುವುದು, ಎಲ್ಲಾ ಸೇರಿಸಿ ಹಳೇ ಕ್ಯಾಲೆಂಡರಿನ ಹಾಳೆ ಹಿಂದೆ ಬರೆಯಿರಿ.

ಅದೇ ಹಾಳೆಯಲ್ಲಿ ಮೂರು ಸಾಲು ಮಾಡಿ. ಮೊದಲನೆಯದು, ರೊಕ್ಕ ಕೊಡದೆ ಆಗದ ಖರ್ಚು: ಹಾಲು, ಬಿಪಿ ಮಾತ್ರೆ, ಗ್ಯಾಸ್, ಬಾಡಿಗೆ. ಎರಡನೆಯದು, ರಾಶಿ ಆಗುವವರೆಗೆ ಕಾಯಬಹುದಾದ ಖರ್ಚು: ಹೊಸ ಮಿಕ್ಸರ್, ಗೋಡೆಗೆ ಬಣ್ಣ. ಮೂರನೆಯ ಸಾಲನ್ನು ಜನ ಬರೆಯುವುದೇ ಇಲ್ಲ. ಅದು ರೊಕ್ಕ ಇಲ್ಲದೆ ಕೈಯಿಂದಲೇ ತೀರಿಸಬಹುದಾದದ್ದು. ಮುಯ್ಯಿ ಮಾಡುವುದು, ಚಳಿಗೆ ಹೊದಿಕೆ, ಬಾಗಿಲಿಗೆ ಕಾಲೊರಸು, ಸಂತೆಗೆ ಚೀಲ, ಕೂಸಿಗೆ ಕುಂಚಿ, ಹಬ್ಬಕ್ಕೆ ತೋರಣ. ಇವನ್ನೆಲ್ಲ ಬಜಾರಿನಲ್ಲಿ ಕೊಳ್ಳುವುದು ನಮಗೆ ಅಭ್ಯಾಸ ಆಗಿದೆ, ಅಷ್ಟೇ. ಒಂದು ತಲೆಮಾರಿನ ಹಿಂದೆ ಇವೆಲ್ಲ ಮನೆಯಲ್ಲೇ ಆಗುತ್ತಿದ್ದವು.

ಸರ್ಕಾರದ ಗೃಹಲಕ್ಷ್ಮಿ 2000 ಬರುವ ಮನೆ ಇದ್ದರೆ, ಅದನ್ನು ಖಾತೆಗೆ ಬಿದ್ದ ಮೇಲೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಬರುತ್ತದೆ ಅಂತ ನಂಬಿ ಮೊದಲೇ ಖರ್ಚು ಬರೆದರೆ ಲೆಕ್ಕ ತಪ್ಪುತ್ತದೆ.

ಹಂತ 2: ನಾಲ್ಕು ಪಾಕೀಟಿನ ಚಂಚಿ ಹೊಲಿದುಕೊಳ್ಳಿ

ನಮ್ಮ ಅಜ್ಜಿಯ ಸೊಂಟದಲ್ಲಿ ಯಾವಾಗಲೂ ಒಂದು ಚಂಚಿ ಇರುತ್ತಿತ್ತು. ಒಂದು ಪಾಕೀಟಿನಲ್ಲಿ ಎಲೆ, ಒಂದರಲ್ಲಿ ಅಡಕಿ, ಒಂದರಲ್ಲಿ ಸುಣ್ಣದ ಡಬ್ಬಿ, ಒಳಗಿನದರಲ್ಲಿ ರೊಕ್ಕ. ಯಾವುದು ಎಲ್ಲಿದೆ ಅಂತ ಕತ್ತಲೆಯಲ್ಲೂ ಅವಳ ಬೆರಳಿಗೆ ಗೊತ್ತಿತ್ತು. ನಾನು ಅದೇ ಚಂಚಿಯನ್ನು ಮನೆ ಖರ್ಚಿಗೆ ಇಟ್ಟುಕೊಂಡಿದ್ದೇನೆ. ಒಂದು ಮಧ್ಯಾಹ್ನದ ಕೆಲಸ. ಸೂಜಿ ಹಿಡಿದು ಬಹಳ ದಿನ ಆದವರಿಗೆ ಕೈ ಪಳಗಲು ಇದು ಒಳ್ಳೆಯದು.

ಖಣದ ಹಳೇ ಕುಪ್ಪಸದ ತುಂಡು ಅಥವಾ ದಪ್ಪ ಹತ್ತಿ ಬಟ್ಟೆ ಹುಡುಕಿ. ಅಗಲ ಒಂದು ಗೇಣು, ಉದ್ದ ಮೂರು ಗೇಣು ಇರಲಿ. ತುಂಡು ಸಣ್ಣದಿದ್ದರೆ ಎರಡು ಮೂರು ಸೇರಿಸಿ ಹೊಲಿಯಿರಿ, ಬಣ್ಣ ಬೇರೆ ಬೇರೆ ಇದ್ದರೆ ಇನ್ನೂ ಚೆಂದ. ಒಳಗೆ ಹಾಕಲು ಹಳೇ ಚಾದರದ ಅಷ್ಟೇ ದೊಡ್ಡ ತುಂಡು ಸಾಕು. ಎರಡರ ಒಳ್ಳೆಯ ಮುಖ ಒಳಗೆ ಬರುವಂತೆ ಒಂದರ ಮೇಲೆ ಒಂದಿಟ್ಟು ಮೂರು ಬದಿ ಹೊಲಿಯಿರಿ. ತಿರುವಿ ಹಾಕಿ ನಾಲ್ಕನೇ ಬದಿ ಮುಚ್ಚಿ. ಈಗ ಎರಡೂ ತುದಿಯಿಂದ ಮುಕ್ಕಾಲು ಗೇಣು ಒಳಕ್ಕೆ ಮಡಚಿ, ಪಕ್ಕ ಹೊಲಿಯಿರಿ. ಎರಡು ಪಾಕೀಟು ಆದವು. ಪ್ರತಿ ಪಾಕೀಟಿನ ಮಧ್ಯೆ ಒಂದು ಗೆರೆ ಹೊಲಿಗೆ ಎಳೆದರೆ ನಾಲ್ಕಾಗುತ್ತವೆ. ನೋಟು ಒಂದು ಮಡಿಕೆ ಮಡಚಿದರೆ ಸರಿಯಾಗಿ ಕೂರುತ್ತದೆ. ಮಧ್ಯಕ್ಕೆ ಮಡಚಿ, ಹಳೇ ಲಂಗದ ಲಾಡಿ ಕತ್ತರಿಸಿ ಕಟ್ಟಲು ಹಚ್ಚಿ.

ವಾರದ ಮೊದಲ ದಿನ ಆ ವಾರದ ರೊಕ್ಕ ಇದರಲ್ಲಿ ಹಾಕಿ. ಹಾಲು ಮತ್ತು ಕಾಯಿಪಲ್ಯ ಒಂದು ಪಾಕೀಟು. ಔಷಧ ಒಂದು. ಶಾಲೆ ಮತ್ತು ಓಡಾಟ ಒಂದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಆಗಿದೆ, ಹಾಗಾಗಿ ಓಡಾಟದ ಪಾಕೀಟಿಗೆ ಮೊದಲಿನಷ್ಟು ಬೇಕಾಗುವುದಿಲ್ಲ. ನಾಲ್ಕನೆಯದು ಮುಟ್ಟಬಾರದ್ದು. ಅದರಲ್ಲಿ 50 ರೂಪಾಯಿ ಇದ್ದರೂ ಸರಿ, ಖಾಲಿ ಮಾತ್ರ ಇರಬಾರದು.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಮಗ ಕೇಳಿದ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ರೊಕ್ಕ ಹೋದದ್ದು ಕೈಗೆ ಗೊತ್ತಾಗುವುದಿಲ್ಲ. ಚಂಚಿ ತೆಳ್ಳಗಾಗುವುದು ಬೆರಳಿಗೇ ಗೊತ್ತಾಗುತ್ತದೆ. ಕೈ ಬಿಗಿ ಇರುವ ಎರಡು ಮೂರು ತಿಂಗಳಾದರೂ ನೋಟಿನಲ್ಲೇ ಖರ್ಚು ಮಾಡಿ ನೋಡಿ.

ಹಂತ 3: ಉದ್ರಿ, ಕೈಗಡ, ಸಾಲ

ಗೊತ್ತಿರುವ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವುದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಮೂರು ನಿಯಮ ಇಟ್ಟುಕೊಳ್ಳಿ. ಒಂದೇ ಅಂಗಡಿಯಲ್ಲಿ ಬರೆಸಿ. ಅಂಗಡಿಯವರ ಪುಸ್ತಕದಲ್ಲಿ ಬರೆದದ್ದನ್ನು ಅವತ್ತೇ ನಿಮ್ಮ ಹಾಳೆಯಲ್ಲೂ ಬರೆಯಿರಿ. ಎಣ್ಣೆ, ಬೇಳೆ, ಹಿಟ್ಟು ಬಿಟ್ಟು ಚಿಪ್ಸ್, ಕೋಲಾ ಉದ್ರಿ ತರಬೇಡಿ.

ಬಡ್ಡಿ ಸಾಲದ ಮಾತು ಬಂದರೆ ಲೆಕ್ಕ ಹೀಗಿದೆ. ನೂರಕ್ಕೆ ಮೂರು ಅಂದಾಗ ಸಣ್ಣದು ಅನ್ನಿಸುತ್ತದೆ. ಅದು ತಿಂಗಳಿಗೆ. 10,000ಕ್ಕೆ ವರ್ಷದ ಬಡ್ಡಿ 3,600 ಆಯಿತು. ನೂರಕ್ಕೆ ಐದು ಅಂದರೆ 6,000. ಹಳ್ಳಿಯಲ್ಲಿ ಸಂಜೀವಿನಿ ಸ್ವಸಹಾಯ ಸಂಘದ ಮೂಲಕ ಬ್ಯಾಂಕ್ ಕೊಡುವ ಸಾಲಕ್ಕೆ 3 ಲಕ್ಷದವರೆಗೆ ವರ್ಷಕ್ಕೆ ನೂರಕ್ಕೆ ಏಳರ ಬಡ್ಡಿ. ಅಂದರೆ ಅದೇ 10,000ಕ್ಕೆ ವರ್ಷಕ್ಕೆ 700. 3,600 ಎಲ್ಲಿ, 700 ಎಲ್ಲಿ! ಆಸ್ಪತ್ರೆಗೋ ಬೀಜಕ್ಕೋ ಸಾಲ ಬೇಕೇ ಬೇಕು ಅಂದರೆ ಮೊದಲು ಸಂಘದಲ್ಲಿ ಕೇಳಿ. ಮುಯ್ಯಿ ಮಾಡಲಿಕ್ಕೆ, ಸೀರೆ ಉಡಿಸಲಿಕ್ಕೆ, ಹೆಸರು ಉಳಿಸಿಕೊಳ್ಳಲಿಕ್ಕೆ ಯಾವ ಬಡ್ಡಿಗೂ ಸಾಲ ತೆಗೆಯಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಮೈಕ್ರೋಫೈನಾನ್ಸ್ ಕಂತು ಕಟ್ಟುತ್ತಿರುವವರು ಎರಡು ಮಾತು ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಯವರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿತ್ತು. ಮನೆ ಮುಂದೆ ಬಂದು ಬೆದರಿಸಿದರೆ ಬಾಗಿಲು ಹಾಕಿಕೊಂಡು ಅಳುತ್ತಾ ಕೂರಬೇಡಿ, 112ಕ್ಕೆ ಫೋನ್ ಮಾಡಿ.

ಹಂತ 4: ಅರಿವಿ ಆರಿಸಿ

ಇನ್ನು ಕೌದಿ. ಮೊದಲ ಸಲ ಹೊಲಿಯುವವರು ದೊಡ್ಡ ಕೌದಿಗೆ ಕೈ ಹಾಕಬೇಡಿ, ಅರ್ಧಕ್ಕೇ ಬಿಡುತ್ತೀರಿ. ಕೂಸಿನ ಕೌದಿ ಸಾಕು. ಒಂದು ಗಜ ಅಗಲ, ಸೀರೆಯ ಪನ್ನದಷ್ಟು, ಅಂದರೆ ಸೀರೆಯ ಅಗಲದಷ್ಟು ಉದ್ದ. ಆರು ಗಜದ ಒಂದು ಹತ್ತಿ ಸೀರೆಯಲ್ಲಿ ಹರಿದ ಭಾಗ ಬಿಟ್ಟರೂ ಇಂಥ ನಾಲ್ಕು ತುಂಡು ಸಿಗುತ್ತವೆ. ಒಂದು ಕೆಳಗೆ, ಎರಡು ಒಳಗೆ, ಒಂದು ಮೇಲೆ.

ಹತ್ತಿಯೇ ಇರಬೇಕು. ಬೆವರು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಅನುಮಾನ ಇದ್ದರೆ ಅಂಚಿನಿಂದ ಒಂದು ಎಳೆ ತೆಗೆದು ಬೆಂಕಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡು ಆಗುತ್ತದೆ. ಹಳೇ ಬಟ್ಟೆಗೆ ಭಾಂಡೆ ಕೊಡುವವರು ಓಣಿಯಲ್ಲಿ ಕೂಗುತ್ತಾ ಬರುತ್ತಾರಲ್ಲ, ಪಾಲಿಯೆಸ್ಟರ್ ಸೀರೆ ಅವರಿಗೆ ಕೊಟ್ಟು ಬೋಗಾಣಿ ತೆಗೆದುಕೊಳ್ಳಿ. ಹತ್ತಿ ಸೀರೆ, ಅಪ್ಪನ ಧೋತರ, ಕಾಕಾನ ಬಿಳಿ ಅಂಗಿ ಮಾತ್ರ ಯಾರು ಕೇಳಿದರೂ ಕೊಡಬೇಡಿ. ನಾನು ಮದುವೆಯಾದ ಹೊಸದರಲ್ಲಿ ಅತ್ತೆಯ ಎರಡು ಹತ್ತಿ ಸೀರೆ ಕೊಟ್ಟು ಒಂದು ಸ್ಟೀಲ್ ತಾಟು ತೆಗೆದುಕೊಂಡಿದ್ದೆ. ತಾಟು ಈಗಲೂ ಇದೆ. ಅದರಲ್ಲಿ ಊಟ ಮಾಡುವಾಗಲೆಲ್ಲ ಆ ಸೀರೆ ನೆನಪಾಗುತ್ತವೆ.

ಬಣ್ಣ ಬಿಡುತ್ತದಾ ನೋಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಸೀರೆಯ ಮೇಲೆ ಗಟ್ಟಿಯಾಗಿ ತಿಕ್ಕಿ. ಕೆಂಪು, ನೀಲಿ ಹತ್ತಿದರೆ ಅದನ್ನು ಎರಡು ಮೂರು ಸಲ ಬೇರೆಯೇ ಒಗೆದು ಬಿಸಿಲಿಗೆ ಹಾಕಿ. ಆಮೇಲೂ ಬಿಟ್ಟರೆ ಕೂಸಿನ ಕೌದಿಗೆ ಬೇಡ, ಕಾಲೊರಸಿಗೆ ಇಡಿ. ಜರಿ ಇರುವ ಸೆರಗು, ಗುಂಡಿ, ಕನ್ನಡಿ, ಮಣಿ ಯಾವುದೂ ಕೂಸಿನ ಕೌದಿಯಲ್ಲಿ ಇರಬಾರದು. ಜರಿ ಚರ್ಮ ಕೆರೆಯುತ್ತದೆ, ಮಣಿ ಬಾಯಿಗೆ ಹೋಗುತ್ತದೆ.

ಸೀರೆಯ ಫಾಲ್ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ. ಕತ್ತರಿಯಿಂದ ಅಂಚಿನಲ್ಲಿ ಸ್ವಲ್ಪ ಕತ್ತರಿಸಿ, ಆಮೇಲೆ ಕೈಯಿಂದ ಹರಿಯಿರಿ. ಹತ್ತಿ ನೆಟ್ಟಗೆ ಹರಿಯುತ್ತದೆ, ಕತ್ತರಿ ಡೊಂಕು ಹೋಗುತ್ತದೆ. ಆ ಚರ್ರ್ ಅನ್ನುವ ಸದ್ದಿಗೆ ಮೊದಲ ಸಲ ಎದೆ ಧಸಕ್ ಅನ್ನುತ್ತದೆ. ಅವ್ವನ ಸೀರೆ ಅಲ್ವಾ!

ಕಪಡಾ ಬಜಾರಿನಲ್ಲಿ ದಪ್ಪ ಹತ್ತಿ ದಾರ, ದೊಡ್ಡ ಕಣ್ಣಿನ ಎರಡು ಸೂಜಿ ತನ್ನಿ. ಈ ಇಡೀ ಕೆಲಸಕ್ಕೆ ಕೈಯಿಂದ ಹೋಗುವ ರೊಕ್ಕ ಅಷ್ಟೇ. ನನಗೆ ಹೋದ ಸಲ 70 ರೂಪಾಯಿ ಆಯಿತು.

ಹಂತ 5: ಹಾಸಿ, ಕಚ್ಚಾ ಹೊಲಿಗೆ ಹಾಕಿ

ನೆಲ ಗುಡಿಸಿ ಒರೆಸಿ. ಕೆಳಗಿನ ತುಂಡು ಉಳಿದವಕ್ಕಿಂತ ನಾಲ್ಕೂ ಕಡೆ ಎರಡು ಬೆರಳು ದೊಡ್ಡದಿರಲಿ, ಕೊನೆಗೆ ಅದನ್ನೇ ಮೇಲೆ ಮಡಚಿ ಅಂಚು ಕಟ್ಟುತ್ತೇವೆ. ಅದನ್ನು ಹಾಸಿ ನಾಲ್ಕು ಮೂಲೆಗೆ ಭಾರ ಇಡಿ. ನಮ್ಮ ಮನೆಯಲ್ಲಿ ಸೇರು, ಪಾವು, ಕುಟ್ಟುವ ಕಲ್ಲು ಇಡುತ್ತೇವೆ. ಒಳಗಿನ ಎರಡು ಪದರ ಹಾಸಿ. ಸವೆದ ಜಾಗ ಇದ್ದರೆ ಅಲ್ಲಿ ಒಂದು ಚೂರು ಹೆಚ್ಚಿಗೆ ಇಡಿ. ಮೇಲೆ ಚೆಂದದ ತುಂಡು. ಪ್ರತಿ ಪದರ ಹಾಸಿದಾಗ ಅಂಗೈಯಿಂದ ಮಧ್ಯದಿಂದ ಹೊರಕ್ಕೆ ಸವರುತ್ತಾ ಸುಕ್ಕು ತೆಗೆಯಿರಿ.

ಈಗ ಉದ್ದುದ್ದ ಕಚ್ಚಾ ಹೊಲಿಗೆ. ಇದೂ ಮಧ್ಯದಿಂದಲೇ ಶುರು, ಅಂಚಿನ ಕಡೆಗೆ ಹೋಗಬೇಕು. ಸಾಲಿಂದ ಸಾಲಿಗೆ ಒಂದು ಅಂಗೈ ಅಂತರ ಸಾಕು. ಇದನ್ನು ಬೇಸರ ಅಂತ ಬಿಟ್ಟವರ ಕೌದಿ ನೋಡಿದ್ದೇನೆ. ಮೇಲೆ ನೀಟಾಗಿರುತ್ತದೆ, ತಿರುವಿ ನೋಡಿದರೆ ಹಿಂದೆಲ್ಲ ನೆರಿಗೆ. ನನ್ನ ಮೊದಲ ಕೌದಿಯ ಒಂದು ಮೂಲೆ ಹಾಗೇ ಆಯಿತು, ಎರಡು ದಿನದ ಹೊಲಿಗೆ ಬಿಚ್ಚಬೇಕಾಯಿತು.

ಹಂತ 6: ತ್ಯಾಪಿ ಕೂರಿಸಿ

ತ್ಯಾಪಿ ಅಂದರೆ ಮೇಲೆ ಹಚ್ಚುವ ತೇಪೆ. ಕೌದಿಗೆ ಮುಖ ಬರುವುದು ಇಲ್ಲಿ. ಸಣ್ಣ ಸಣ್ಣ ತುಂಡುಗಳನ್ನು ಚೌಕ, ತ್ರಿಕೋನ ಮಾಡಿಕೊಳ್ಳಿ. ಹೊಲಿಯುವ ಮೊದಲು ಎಲ್ಲವನ್ನೂ ಕೌದಿಯ ಮೇಲೆ ಹರಡಿ ನೋಡಿ. ಒಂದು ದಿನ ಹಾಗೇ ಬಿಡಿ. ಓಡಾಡುವಾಗ ನೋಡುತ್ತಾ ಇರಿ, ಎಲ್ಲಿ ಯಾವುದು ಇರಬೇಕು ಅಂತ ತಾನೇ ಗೊತ್ತಾಗುತ್ತದೆ. ಗಾಢ ಬಣ್ಣ ಎಲ್ಲಾ ಒಂದೇ ಕಡೆ ಸೇರಿದ್ದರೆ ಕೌದಿ ವಾಲಿದ ಹಾಗೆ ಕಾಣುತ್ತದೆ. ನನಗೆ ಬಿಳಿ ಧೋತರದ ನಡುವೆ ಖಣದ ಕೆಂಪು ತ್ರಿಕೋನ ಇಡುವುದು ಇಷ್ಟ. ಇಳಕಲ್ ಸೀರೆಯ ದಡಿ ಸಿಕ್ಕರೆ ನಾಲ್ಕೂ ಕಡೆ ಚೌಕಟ್ಟು ಮಾಡುತ್ತೇನೆ.

ಹಂಚಿಕೊಳ್ಳುವ ಖುಷಿಯೂ ಇಲ್ಲೇ. ತಂಗಿಯ ಕೂಸಿನ ಕೌದಿಗೆ ತ್ಯಾಪಿ ಹರಡಿದ್ದಾಗ ಪಕ್ಕದ ಮನೆಯ ಬೇಗಂ ಆಪಾ ಬಂದು ಕೂತರು. ನೋಡಿ ಮನೆಗೆ ಹೋಗಿ ತಮ್ಮ ಮಗಳ ಹಸಿರು ಫ್ರಾಕಿನ ಒಂದು ತುಂಡು ತಂದರು. ಓಣಿಯ ಕೊನೆಯ ಅಜ್ಜಿ ತನ್ನ ಗಂಡನ ಪಟಗದ ಚೂರು ಕೊಟ್ಟಳು. ಹೊಲಿಯುತ್ತಾ ಹೊಲಿಯುತ್ತಾ ಎಲ್ಲರ ಮನೆಯ ರೊಕ್ಕದ ಕಷ್ಟ ಮಾತಿಗೆ ಬಂತು. ಯಾರ ಹತ್ತಿರ ಚಿಲ್ಲರೆ ಇದೆ, ಯಾವ ಎಟಿಎಂನಲ್ಲಿ ರೊಕ್ಕ ಹಾಕಿದ್ದಾರೆ, ಯಾವ ಔಷಧ ಅಂಗಡಿಯವರು ಉದ್ರಿ ಕೊಡುತ್ತಾರೆ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಒಬ್ಬಳೇ ಕೂತಿದ್ದರೆ ಆ ತಿಂಗಳು ನನಗೆ ಬಹಳ ಉದ್ದ ಆಗುತ್ತಿತ್ತು.

ತ್ಯಾಪಿಯ ಅಂಚನ್ನು ಅರ್ಧ ಬೆರಳು ಒಳಕ್ಕೆ ಮಡಚಿ, ಇಸ್ತ್ರಿ ಒತ್ತಿ, ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ. ಅಂಚು ಮಡಚದೆ ಹಾಗೇ ಹೊಲಿದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಎಳೆ ಬಿಡುತ್ತದೆ.

ಹಂತ 7: ಹೊಲಿಯಿರಿ

ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಮೇಣದಬತ್ತಿಯ ಮೇಲೆ ಒಮ್ಮೆ ಎಳೆದುಕೊಂಡರೆ ಸಲೀಸಾಗಿ ಓಡುತ್ತದೆ. ಗಂಟನ್ನು ಪದರಗಳ ನಡುವೆ ಅಡಗಿಸಿ, ಕೂಸಿನ ಮೈಗೆ ತಾಗಬಾರದು.

ಹೊಲಿಗೆ ಬಹಳ ಸರಳ. ಸೂಜಿ ಮೇಲೆ, ಕೆಳಗೆ, ಮೇಲೆ, ಕೆಳಗೆ. ಮೇಲೆ ಕಾಣುವ ಒಂದೊಂದು ಹೊಲಿಗೆ ತೊಗರಿ ಕಾಳಿನಷ್ಟು ಇರಲಿ, ನಡುವಿನ ಜಾಗವೂ ಅಷ್ಟೇ. ಸಾಲಿಂದ ಸಾಲಿಗೆ ಒಂದು ಬೆರಳು. ನಮ್ಮ ಅವ್ವ ಅಂಚಿನಿಂದ ಶುರು ಮಾಡಿ ನಾಲ್ಕೂ ಸುತ್ತು ತಿರುಗುತ್ತಾ ಮಧ್ಯಕ್ಕೆ ಬರುತ್ತಿದ್ದಳು, ನಾನೂ ಹಾಗೇ ಮಾಡುತ್ತೇನೆ. ಕೆಲವರು ನೆಟ್ಟಗೆ ಉದ್ದಕ್ಕೆ ಸಾಲು ಎಳೆಯುತ್ತಾರೆ. ಎರಡೂ ಚೆಂದವೇ. ಮೂರು ನಾಲ್ಕು ಹೊಲಿಗೆ ಸೂಜಿಯಲ್ಲಿ ತುಂಬಿಕೊಂಡು ಒಟ್ಟಿಗೆ ಎಳೆದರೆ ಸಾಲು ನೆಟ್ಟಗೆ ಬರುತ್ತದೆ, ಕೆಲಸವೂ ಬೇಗ ಆಗುತ್ತದೆ. ದಾರ ಬಿಗಿ ಎಳೆಯಬೇಡಿ. ಪ್ರತಿ ಸಾಲು ಮುಗಿದಾಗ ಬಟ್ಟೆಯನ್ನು ಅಂಗೈಯಿಂದ ಸವರಿ, ತಿರುವಿ ಹಿಂದೆ ನೋಡಿ.

ಎರಡನೇ ದಿನಕ್ಕೆ ಬೆರಳು ಉರಿಯುತ್ತದೆ. ಸೂಜಿ ದೂಡುವ ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳಿ, ಅಥವಾ ದರ್ಜಿಗಳು ಹಾಕುವ ಲೋಹದ ಟೋಪಿ ತನ್ನಿ. ದಿನಕ್ಕೆ ಒಂದು ಗಂಟೆ, ಒಂದೂವರೆ ಗಂಟೆ ಸಾಕು. ಬೆಳಕಿರುವಾಗಲೇ ಕೂತುಕೊಳ್ಳಿ. ಚಳಿಗಾಲದ ಮಧ್ಯಾಹ್ನ ಅಂಗಳದಲ್ಲಿ ಬೆನ್ನಿಗೆ ಬಿಸಿಲು ಬೀಳುವ ಹಾಗೆ ಕೂತು, ಕೌದಿ ತೊಡೆ ಮೇಲೆ ಹರಡಿ ಹೊಲಿಯುವುದು ಎಷ್ಟು ಹಿತ ಅಂತ ಹೊಲಿದವರಿಗೇ ಗೊತ್ತು. ಆ ಒಂದು ಗಂಟೆ ರೊಕ್ಕದ ಯೋಚನೆ ತಲೆಗೆ ಬರುವುದೇ ಇಲ್ಲ. ಬಂದರೂ ಸೂಜಿ ಚುಚ್ಚಿ ವಾಪಸ್ ಕರೆಯುತ್ತದೆ.

ಮಧ್ಯಕ್ಕೆ ಬಂದ ಮೇಲೆ ಕೆಳಗಿನ ಹೆಚ್ಚುವರಿ ಬಟ್ಟೆಯನ್ನು ಮೇಲೆ ಎರಡು ಸಲ ಮಡಚಿ ನಾಲ್ಕೂ ಅಂಚು ಹೊಲಿಯಿರಿ. ಕೊನೆಯ ಮೂಲೆ ಮುಚ್ಚುವ ಮೊದಲು ನಮ್ಮ ಅಜ್ಜಿ ಒಂದು ಚಿಟಿಕೆ ಜೋಳ ತಂದು ಕೌದಿಯ ಮೇಲೆ ಇಟ್ಟು ನಮಸ್ಕಾರ ಮಾಡುತ್ತಿದ್ದಳು. ಹೊದ್ದವರು ಹಸಿದಿರಬಾರದು ಅಂತ. ನಾನೂ ಬಿಟ್ಟಿಲ್ಲ. ಎಲ್ಲಾ ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ, ಒಮ್ಮೆ ಒಗೆದು ಒಣಗಿಸಿ. ಒಳಗೆ ಮುರಿದ ಸೂಜಿ ಉಳಿದಿಲ್ಲ ಅಂತ ಇಡೀ ಕೌದಿಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿ. ಕೂಸಿನ ಮೈ ಕೆಳಗೆ ಹಾಸಲು ಇದು. ಮುಖದ ಮೇಲೆ ಹೊದಿಸಬೇಡಿ.

ಉಳಿದ ಚಿಂದಿ

ಮೂರು ಬೆರಳು ಅಗಲದ ಪಟ್ಟಿ ಹರಿದು, ಮೂರು ಪಟ್ಟಿ ಸೇರಿಸಿ ಜಡೆ ಹೆಣೆಯಿರಿ. ಜಡೆಯನ್ನು ಸುರುಳಿ ಸುತ್ತುತ್ತಾ ಪಕ್ಕಪಕ್ಕಕ್ಕೆ ಹೊಲಿದರೆ ಕಾಲೊರಸು. ಪಾಲಿಯೆಸ್ಟರ್ ಇದಕ್ಕೆ ನಡೆಯುತ್ತದೆ. ಅಕ್ಕಿಯ ದಪ್ಪ ಚೀಲ ತೊಳೆದು, ಹಳೇ ಪ್ಯಾಂಟಿನ ಕಾಲಿನ ಬಟ್ಟೆಯಿಂದ ಹಿಡಿ ಹಚ್ಚಿದರೆ ಸಂತೆ ಚೀಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯುವಾಗ ಸಜ್ಜೆ ರೊಟ್ಟಿ, ಭಜ್ಜಿ ಪಾತ್ರೆ ಎಲ್ಲಾ ನಾನು ಇಂಥ ಚೀಲದಲ್ಲೇ ಒಯ್ಯುತ್ತೇನೆ. ಆ ಹಬ್ಬವೂ ಕೈ ಬಿಗಿ ಇರುವ ಕಾಲದಲ್ಲೇ ಬರುತ್ತದೆ ನೋಡಿ. ಆದರೂ ಹೊಲದ ಹಸಿ ಕಾಳು, ಹಿತ್ತಲ ಸೊಪ್ಪಿನಿಂದಲೇ ಊರೆಲ್ಲ ಹೊಟ್ಟೆ ತುಂಬಾ ಉಣ್ಣುತ್ತದೆ.

ಮಾರಬೇಕು ಅನ್ನಿಸಿದರೆ

ಚೆಂದ ಬಂದರೆ ಯಾರಾದರೂ "ನನಗೂ ಒಂದು ಹೊಲಿದು ಕೊಡ್ರಿ ಅಕ್ಕಾ" ಅಂತ ಕೇಳೇ ಕೇಳುತ್ತಾರೆ. ಒಳ್ಳೆಯದು. ಆದರೆ ಹಳೇ ಅರಿವಿ ಅಲ್ವಾ ಅಂತ 300ಕ್ಕೆ ಒಪ್ಪಬೇಡಿ. ಕೈ ಪಳಗಿದ ಮೇಲೆ ಕೂಸಿನ ಕೌದಿಗೆ ನನಗೆ ಸುಮಾರು 24 ಗಂಟೆ ಬೇಕು, ಅಂದರೆ ಎಂಟು ತಾಸಿನ ಮೂರು ದಿನ. 2025-26ಕ್ಕೆ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮೂರು ದಿನಕ್ಕೆ 1,110. ದಾರ, ಸೂಜಿ 70. ಒಟ್ಟು 1,180. ಮಣ್ಣು ಅಗೆಯುವ ಕೂಲಿಗಿಂತ ನಿಮ್ಮ ಸೂಜಿಯ ಕೆಲಸ ಕಡಿಮೆ ಏನಲ್ಲ. ಕೇಳಿದವರಿಗೆ ಈ ಲೆಕ್ಕವನ್ನು ಹಾಗೇ ಹೇಳಿ. ಅರ್ಥ ಆದವರು ಕೊಡುತ್ತಾರೆ. ಅಷ್ಟು ಕೊಡಲಾಗದ ಆದರೆ ನಿಜವಾಗಿ ಬೇಕಾದವರಿದ್ದರೆ ಸುಮ್ನೆ ಕೊಟ್ಟುಬಿಡಿ, ಅಥವಾ ಪಕ್ಕದಲ್ಲಿ ಕೂರಿಸಿ ಕಲಿಸಿ. ಅರ್ಧ ಬೆಲೆಗೆ ಮಾತ್ರ ಮಾರಬೇಡಿ, ಅದು ಉಳಿದ ಹೊಲಿಯುವವರ ಕೂಲಿಯನ್ನೂ ಇಳಿಸುತ್ತದೆ. ಅವರದೇ ಮನೆಯ ಅರಿವಿ ತರಲು ಹೇಳಿ. ಸತ್ತ ತಾಯಿಯ ಸೀರೆ ತಂದುಕೊಟ್ಟವರು ಕೌದಿ ತೆಗೆದುಕೊಳ್ಳಲು ಬಂದಾಗ ಬೆಲೆಯ ಮಾತೇ ಆಡುವುದಿಲ್ಲ.

ಇಟ್ಟುಕೊಳ್ಳುವುದು

ಕೌದಿ ಪದೇ ಪದೇ ಒಗೆಯಬೇಕಿಲ್ಲ, ಬಿಸಿಲಿಗೆ ಹಾಕಿದರೆ ಸಾಕು. ನಮ್ಮ ಊರಲ್ಲಿ ಬಿಸಿಲಿಗೇನು ಕಡಿಮೆ? ಒಗೆದಾಗ ಹಿಂಡಬೇಡಿ, ನೀರು ತಾನೇ ಸೋರಲಿ. ಒಳಗಿನ ಪದರ ಒಣಗಲು ಹೊತ್ತು ಹಿಡಿಯುತ್ತದೆ, ಎರಡೂ ಮಗ್ಗುಲು ತಿರುವಿ ಹಾಕಿ. ಹಸಿ ಇರುವಾಗಲೇ ಮಡಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಟ್ರಂಕಿಗೆ ಇಡುವಾಗ ಒಣಗಿದ ಬೇವಿನ ಎಲೆ ನಡುವೆ ಹಾಕಿ, ಪ್ರತಿ ಸಲ ಬೇರೆ ಕಡೆ ಮಡಚಿ. ಒಂದೇ ಮಡಿಕೆಯಲ್ಲಿ ಇಟ್ಟರೆ ಅಲ್ಲೇ ಸವೆಯುತ್ತದೆ.

ಸವೆದರೆ ಬಿಸಾಡುವುದಿಲ್ಲ. ಸವೆದ ಜಾಗದ ಮೇಲೆ ಹೊಸ ತ್ಯಾಪಿ, ಅದರ ಮೇಲೆ ಮತ್ತೆ ಅದೇ ಸಾಲಿನ ಹೊಲಿಗೆ. ತಂಗಿಯ ಮಗಳ ಆ ಕೌದಿ ಹೋದ ವಾರ ನನ್ನ ಹತ್ತಿರ ವಾಪಸ್ ಬಂದಿದೆ. ಕಾಲಿನ ಕಡೆ ಅವ್ವನ ಇಳಕಲ್ ದಡಿ ಒಂದು ಅಂಗೈಯಷ್ಟು ಹರಿದಿದೆ. ಬೇಗಂ ಆಪಾ ಕೊಟ್ಟ ಹಸಿರು ತುಂಡು ಮಾತ್ರ ಇನ್ನೂ ಗಟ್ಟಿ. ಈಗ ಆ ಹುಡುಗಿ ದೊಡ್ಡವಳಾಗಿದ್ದಾಳೆ, ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಹರಿದ ಜಾಗಕ್ಕೆ ಯಾವ ತುಂಡು ಹಾಕೋಣ ಅಂತ ಕೇಳಿದೆ. ತನ್ನ ಮೊದಲ ಶಾಲೆಯ ಅಂಗಿ ತಂದು ಕೊಟ್ಟಳು.